ಬರೆದುಕೊಟ್ಟರೂ ಹೋಗದ ಹಕ್ಕು

ರುಜು ಎಂಬ ಎರಡಕ್ಷರದ ಮಾತಿಗೆ ನಮ್ಮ ಜನಜೀವನದಲ್ಲಿ ದೊಡ್ಡ ತೂಕವಿದೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದುಕೊಟ್ಟದ್ದು ಕಲ್ಲಿನಲ್ಲಿ ಕೊರೆದಂತೆ ನಿಲ್ಲುತ್ತದೆ ಎಂಬುದು ನಮ್ಮವರ ನಂಬಿಕೆ. ಪತ್ರಕ್ಕೆ ಹೆಬ್ಬೆಟ್ಟೊತ್ತಿದ ಕೂಲಿಯವನಾಗಲಿ, ಕರಾರಿಗೆ ಸಹಿ ಹಾಕಿದ ಪದವೀಧರನಾಗಲಿ, ಇನ್ನು ತನ್ನ ಕೈಯಲ್ಲಿ ಏನೂ ಉಳಿಯಲಿಲ್ಲವೆಂದೇ ಭಾವಿಸುತ್ತಾನೆ. ಈ ಭಾವನೆಯನ್ನು ಬರಿಯ ಹೆದರಿಕೆಯೆಂದು ತಳ್ಳಿಹಾಕುವಂತಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂಬ ಸಜ್ಜನಿಕೆಯೂ ಇದರಲ್ಲಿ ಬೆರೆತಿದೆ. ಸತ್ಯವನ್ನು ಉಳಿಸಿಕೊಳ್ಳಲು ಹುಲಿಯ ಗವಿಗೆ ತಾನಾಗಿ ಹಿಂದಿರುಗಿದ ಹಸುವಿನ ಕಥೆಯನ್ನು ಕೇಳುತ್ತ ಬೆಳೆದ ನಾಡು ನಮ್ಮದು. ಆದರೆ ಆ ಕಥೆಯಲ್ಲಿ ಕೊನೆಗೆ ಹುಲಿಯ ಮನಸ್ಸು ಕರಗಿತು. ಹುಲಿಗಳ ಮನಸ್ಸು ಕರಗುವುದನ್ನೇ ನೆಚ್ಚಿಕೊಂಡು ಒಂದು ದೇಶವು ತನ್ನ ಕಾಯಿದೆಗಳನ್ನು ರಚಿಸಿಕೊಳ್ಳಲಾಗದು.

ಪಾಠ ಹೇಳುವ ಕೆಲಸದಲ್ಲೇ ತಲೆ ನರೆಸಿಕೊಂಡವನು ನಾನು. ನನ್ನಲ್ಲಿ ಓದಿದ ಹುಡುಗ ಹುಡುಗಿಯರು ಕೆಲಸ ಸಿಕ್ಕಾಗ ತಮ್ಮ ನೇಮಕಪತ್ರವನ್ನು ತಂದು ತೋರಿಸುವುದುಂಟು. ಮೊದಲನೆಯ ಪುಟದಲ್ಲಿ ಅಭಿನಂದನೆ ಮತ್ತು ಸಂಬಳ. ಅನಂತರದ ಹತ್ತು ಹನ್ನೆರಡು ಪುಟಗಳಲ್ಲಿ ಸಣ್ಣ ಅಕ್ಷರಗಳ ಷರತ್ತುಗಳು. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಲಕ್ಷ ತೆರಬೇಕು; ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರದ ಬೇರೆ ಸಂಸ್ಥೆಯನ್ನು ಸೇರಕೂಡದು; ಅಂಕಪಟ್ಟಿಯ ಮೂಲಪ್ರತಿಯನ್ನು ಒಪ್ಪಿಸಬೇಕು; ವ್ಯಾಜ್ಯವೇನಾದರೂ ಬಂದರೆ ದೂರದ ಇಂಥ ಊರಿನ ನ್ಯಾಯಾಲಯಕ್ಕೇ ಹೋಗಬೇಕು; ಇಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ಯಾವ ಬಾಕಿಯನ್ನೂ ಕೇಳುವುದಿಲ್ಲ. ಪತ್ರ ತಂದವರು ಕೇಳುವ ಪ್ರಶ್ನೆಗಳು ಎರಡೇ. ಕೆಲಸ ಸೇರುವ ಮೊದಲು, ‘ಸಾರ್, ರುಜು ಹಾಕಲೆ?’ ಎನ್ನುತ್ತಾರೆ. ಕೆಲಸ ಬಿಡುವ ಹೊತ್ತಿಗೆ, ‘ಸಾರ್, ರುಜು ಹಾಕಿಬಿಟ್ಟಿದ್ದೇನಲ್ಲ, ಇನ್ನೇನು ಮಾಡಲಿ?’ ಎನ್ನುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಅವರ ಮನೆಯ ಪರಿಸ್ಥಿತಿಯೇ ಹೇಳಿಬಿಟ್ಟಿರುತ್ತದೆ. ಎರಡನೆಯದನ್ನು ಕುರಿತು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ನನ್ನ ಅಪೇಕ್ಷೆ.

ಬರೆದುಕೊಟ್ಟದ್ದೆಲ್ಲ ಬಂಧನವೆಂದು ನಮ್ಮ ಕಾಯಿದೆ ಎಂದೂ ಹೇಳಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 23ನೆಯ ಕಲಮು, ಯಾವುದಾದರೂ ಶಾಸನದ ಉದ್ದೇಶವನ್ನು ಕೆಡಿಸುವಂಥ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದವು ಅಸಿಂಧು ಎನ್ನುತ್ತದೆ. ಇದರ ಹಿಂದಿರುವ ವಿವೇಕವು ನಮ್ಮ ಹಳ್ಳಿಗರಿಗೆ ಹೊಸದಲ್ಲ. ಕೆರೆಯ ಕೆಳಗಿನ ರೈತನು ತನ್ನ ಗದ್ದೆಯನ್ನು ಮಾರಬಹುದು, ದಾನ ಮಾಡಬಹುದು, ಬೀಳುಬಿಡಬಹುದು. ಆದರೆ ತನ್ನ ಗದ್ದೆಯ ನೇರಕ್ಕಿರುವ ಕೆರೆಯ ಏರಿಯನ್ನು ಕಡಿದು ಮಣ್ಣು ತೆಗೆದುಕೊಳ್ಳಿರೆಂದು ಯಾರಿಗಾದರೂ ಬರೆದುಕೊಟ್ಟರೆ ಊರು ಒಪ್ಪುವುದಿಲ್ಲ. ಏರಿಯಿಂದ ಅವನಿಗೆ ಪ್ರಯೋಜನವುಂಟು, ಅದರಲ್ಲಿ ಅವನಿಗೆ ಹಕ್ಕೂ ಉಂಟು. ಆದರೂ ಅದು ಅವನೊಬ್ಬನ ಸ್ವತ್ತಲ್ಲ. ಅವನೊಬ್ಬನು ಕಡಿದ ಕಡೆಯಿಂದ ಎಲ್ಲರ ನೀರೂ ಹರಿದುಹೋಗುತ್ತದೆ. ಕನಿಷ್ಠ ಕೂಲಿ, ಅಪಘಾತದ ಪರಿಹಾರ, ಹೆರಿಗೆಯ ರಜೆ ಮೊದಲಾದ ಹಕ್ಕುಗಳು ಇಂಥ ಏರಿಗಳು.

ಈ ವಿವೇಕವು ಕಾಯಿದೆಯ ಪುಸ್ತಕವನ್ನು ಸೇರಲು ಬಹುಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ 1880ರಲ್ಲಿ ಮಾಲೀಕರ ಹೊಣೆಗಾರಿಕೆಯ ಶಾಸನವೊಂದು ಬಂದಿತು. ಕೆಲವು ಬಗೆಯ ಅಪಘಾತಗಳಲ್ಲಿ ಗಾಯಗೊಂಡ ಕೆಲಸಗಾರನಿಗೂ, ಸತ್ತವನ ಹೆಂಡಿರು ಮಕ್ಕಳಿಗೂ ಮಾಲೀಕನಿಂದ ಪರಿಹಾರವನ್ನು ಕೇಳುವ ಹಕ್ಕನ್ನು ಅದು ಕೊಟ್ಟಿತು. ಆದರೆ ಗಣಿಯ ಒಡೆಯನಾದ ಡಡ್ಲಿಯ ಪ್ರಭುವಿನ ಕೆಲಸಗಾರರು, ತಾವೂ ತಮ್ಮ ವಾರಸುದಾರರೂ ಆ ಶಾಸನದ ಮೇರೆಗೆ ಏನನ್ನೂ ಕೇಳುವುದಿಲ್ಲವೆಂಬ ಕರಾರಿಗೆ ಒಳಪಟ್ಟಿದ್ದರು. ಕೆಲಸಗಾರನೊಬ್ಬನು ಗಣಿಯಲ್ಲಿ ಸತ್ತಾಗ ಅವನ ವಿಧವೆ ನ್ಯಾಯಾಲಯಕ್ಕೆ ಹೋದಳು. 1882ರಲ್ಲಿ ತೀರ್ಪು ಅವಳಿಗೆ ವಿರುದ್ಧವಾಗಿ ಬಂದಿತು. ಗಂಡನು ಬಿಟ್ಟುಕೊಟ್ಟ ಹಕ್ಕು ಹೆಂಡತಿಗೂ ಇಲ್ಲ. ಇಂಥ ಕರಾರಿನಿಂದ ಸಾರ್ವಜನಿಕ ನೀತಿಗೆ ಭಂಗವಿಲ್ಲ, ಏಕೆಂದರೆ ಇದು ಕೆಲಸಗಾರರ ಹಿತಕ್ಕೆ ಮಾತ್ರ ಸಂಬಂಧಿಸಿದ್ದು ಎಂಬುದು ಅಲ್ಲಿಯ ತರ್ಕ. ಕೆಲಸಗಾರರನ್ನು ಬಿಟ್ಟು ಉಳಿದವರು ಮಾತ್ರ ಸಾರ್ವಜನಿಕರೆಂಬಂತೆ ಈ ಮಾತು ಇಂದು ನಮ್ಮ ಕಿವಿಗೆ ಕೇಳಿಸುತ್ತದೆ. ಪಾರ್ಲಿಮೆಂಟು ಮಾಡಿದ ಕಾಯಿದೆಯನ್ನು ಒಂದು ಗಣಿಯ ಕರಾರು ಆ ಗಣಿಯ ಮಟ್ಟಿಗೆ ರದ್ದುಮಾಡಿತ್ತು.

ಹೀಗೆ ಕರಾರಿನಿಂದ ಕಾಯಿದೆಯನ್ನು ತಪ್ಪಿಸಿಕೊಳ್ಳುವುದನ್ನು ನಿಷೇಧಿಸುವ ಮಸೂದೆಯನ್ನು 1893ರಲ್ಲಿ ಗೃಹಮಂತ್ರಿ ಆಸ್ಕ್ವಿತ್ ತಂದರು. ಪ್ರಭುಗಳ ಸಭೆಯು ಅದೇ ನಿಷೇಧವನ್ನು ಸಡಿಲಿಸಿತು. ಅದಿಲ್ಲದ ಮಸೂದೆ ತಮಗೆ ಬೇಡವೆಂದು 1894ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. 1897ರ ಕಾರ್ಮಿಕ ಪರಿಹಾರ ಶಾಸನವೂ ಈ ಬಾಗಿಲನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಸರ್ಕಾರದಿಂದ ಪ್ರಮಾಣೀಕೃತವಾದ ಬೇರೆ ಯೋಜನೆಯಿದ್ದರೆ ಕರಾರು ಮಾಡಿಕೊಳ್ಳಬಹುದೆಂದು ಕಿಂಡಿಯೊಂದನ್ನು ಉಳಿಸಿಕೊಂಡಿತು.

ಅದೇ ಕಾಲಕ್ಕೆ ಭಾರತದಲ್ಲಿ ಪರಿಸ್ಥಿತಿ ಇನ್ನೂ ಕಠೋರವಾಗಿತ್ತು. ಇಲ್ಲಿ ಹಕ್ಕನ್ನು ಬಿಟ್ಟುಕೊಡುವ ಮಾತಿರಲಿ, ಕೂಲಿಯವನ ಕರಾರೇ ಅವನಿಗೆ ಸೆರೆಮನೆಯ ದಾರಿಯಾಗಿತ್ತು. 1859ರ ಹದಿಮೂರನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು ಎಂಬ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಮಾಲೀಕನು ಮಾತಿಗೆ ತಪ್ಪಿದರೆ ಆ ಕಾಯಿದೆಯಲ್ಲಿ ಅಂಥ ಶಿಕ್ಷೆಯಿರಲಿಲ್ಲ. ಅಸ್ಸಾಮಿನ ಚಹಾ ತೋಟಗಳಿಗೂ ದಕ್ಷಿಣದ ಕಾಫಿ ತೋಟಗಳಿಗೂ ಇದು ಒದಗಿಬಂದಿತು. 1925ರಲ್ಲಿ ಈ ಕಾಯಿದೆಯನ್ನು ರದ್ದುಪಡಿಸುವ ಶಾಸನವಾಯಿತು. ಮುಂಗಡದ ಹಗ್ಗ ಮಾತ್ರ ಕಾಯಿದೆಯೊಡನೆ ಹೋಗಲಿಲ್ಲ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ತೋಟದ ಸಾಲವನ್ನು ತೀರಿಸಲೆಂದು ಚೋಮನ ಮಕ್ಕಳು ಘಟ್ಟ ಹತ್ತುವುದನ್ನು ಓದಿದವರಿಗೆ ಆ ಹಗ್ಗದ ಬಿಗಿ ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಜೀತದ ಒಪ್ಪಂದವು, ಅದು ಬಾಯಿಮಾತಿನದಾಗಲಿ ಬರೆವಣಿಗೆಯದಾಗಲಿ, ಅಸಿಂಧುವೆಂದು ಶಾಸನ ಸಾರುವುದಕ್ಕೆ 1976ರವರೆಗೆ ಕಾಯಬೇಕಾಯಿತು.

ಈ ನಡುವೆ 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯಿದೆ ನಮ್ಮ ದೇಶದಲ್ಲಿ ಹೊಸದೊಂದು ತತ್ತ್ವವನ್ನು ನೆಟ್ಟಿತು. ಅಪಘಾತದ ಪರಿಹಾರದ ಹಕ್ಕನ್ನು ಕೆಲಸಗಾರನು ಬಿಟ್ಟುಕೊಡುವ ಕರಾರು ಕಾಯಿದೆಯ ಮುಂದೆ ನಿಲ್ಲುವುದಿಲ್ಲವೆಂದು ಅದರ 17ನೆಯ ಕಲಮು ಸ್ಪಷ್ಟವಾಗಿ ನುಡಿಯಿತು. 1882ರ ವಿಧವೆಗೆ ಸಿಕ್ಕದೆ ಹೋದ ಉತ್ತರ ಈ ಕಲಮಿನಲ್ಲಿದೆ. ಅಷ್ಟಕ್ಕೇ ಅದು ತೃಪ್ತವಾಗಲಿಲ್ಲ. ಕೆಲಸಗಾರನು ಸತ್ತ ಸಂದರ್ಭದಲ್ಲಿ ಮಾಲೀಕನು ಅವನ ಮನೆಯವರ ಕೈಗೆ ಒಂದಿಷ್ಟು ಹಣವಿಟ್ಟು ಚುಕ್ತಾ ರಸೀದಿ ಬರೆಸಿಕೊಳ್ಳುವಂತಿಲ್ಲ. ಪರಿಹಾರವನ್ನು ಕಮಿಷನರರಲ್ಲಿ ಠೇವಣಿ ಇಡಬೇಕು, ಅವರ ಮೂಲಕ ಅದು ವಾರಸುದಾರರಿಗೆ ಸೇರಬೇಕು. ಬದುಕಿರುವ ಗಾಯಾಳುವಿನೊಡನೆ ಪರಿಹಾರದ ಮೊತ್ತವನ್ನು ಕುರಿತು ರಾಜಿ ಮಾಡಿಕೊಂಡರೆ ಅದನ್ನೂ ಕಮಿಷನರರ ಮುಂದಿಟ್ಟು ನೋಂದಾಯಿಸಬೇಕು. ಮೊತ್ತವು ಸಾಲದೆಂದಾಗಲಿ, ಮೋಸ ಅಥವಾ ಒತ್ತಾಯ ನಡೆದಿದೆಯೆಂದಾಗಲಿ ಕಂಡರೆ ಅವರು ನೋಂದಣಿಯನ್ನು ನಿರಾಕರಿಸಬಹುದು. ನೋಂದಾಯಿಸದೆ ಹೋದರೆ ಮಾಲೀಕನು ಪೂರ್ತಿ ಪರಿಹಾರಕ್ಕೆ ಹೊಣೆ. ದುಃಖದಲ್ಲಿ ಮುಳುಗಿದ ಮನೆಯ ಅಂಗಳದಲ್ಲಿ ಹಾಕಿಸಿಕೊಂಡ ಹೆಬ್ಬೆಟ್ಟಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಬಲ್ಲವರೇ ಈ ಕಲಮುಗಳನ್ನು ಬರೆದಿರಬೇಕು.

ಈ ತತ್ತ್ವವೇ 1936ರ ವೇತನ ಪಾವತಿ ಕಾಯಿದೆಯಲ್ಲಿಯೂ 1948ರ ಕನಿಷ್ಠ ವೇತನ ಕಾಯಿದೆಯಲ್ಲಿಯೂ ಮುಂದುವರಿಯಿತು. ಹಳೆಯ ಕಾಯಿದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆಯೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ರಕ್ಷಣೆಯನ್ನು ಉಳಿಸಿಕೊಂಡಿವೆ. ಕಾಯಿದೆ ಕಟ್ಟಿರುವುದು ನೆಲಗಟ್ಟನ್ನು. ಅದರ ಮೇಲೆ ಎಷ್ಟು ಎತ್ತರಕ್ಕಾದರೂ ಕರಾರು ಏರಬಹುದು, ಅದರ ಕೆಳಕ್ಕೆ ಮಾತ್ರ ಇಳಿಯುವಂತಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯಿದೆ; ಅದು ಹಗುರವಾದದ್ದಲ್ಲ. ಹಸಿದವನು ಕಡಿಮೆ ಕೂಲಿಗೂ ದುಡಿಯಲು ಸಿದ್ಧನಿದ್ದಾನೆ; ಅವನ ಇಚ್ಛೆಗೆ ಅಡ್ಡಬಂದು, ಅವನನ್ನು ಕಾಪಾಡುತ್ತೇನೆಂದು ಹೇಳಿ, ಅವನ ಅನ್ನವನ್ನೇ ಕಸಿದುಕೊಳ್ಳುವ ಅಧಿಕಾರ ಕಾಯಿದೆಗೆ ಎಲ್ಲಿಯದು? ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯದೆ, ಅಜ್ಮೀರದ ಬಿಜಯ್ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ ಜೀವಂತವಾಗಿ ಎದ್ದುನಿಂತಿತು. ಅಲ್ಲಿ ಸರ್ಕಾರವು ತಿಂಗಳಿಗೆ 56 ರೂಪಾಯಿಗಳ ಕನಿಷ್ಠ ವೇತನವನ್ನು ಗೊತ್ತುಮಾಡಿತ್ತು. ಅಷ್ಟು ಕೊಡಲಾರೆವೆಂದು ಮಾಲೀಕರು ಗಿರಣಿಯನ್ನು ಮುಚ್ಚಿದರು. ಕೆಲವು ವಾರಗಳಲ್ಲಿ ಕೆಲಸಗಾರರಲ್ಲಿ ಬಹಳ ಮಂದಿ, 35 ರೂಪಾಯಿ ಕೊಟ್ಟರೂ ಸಾಕು, ಗಿರಣಿಯನ್ನು ತೆರೆಯಿರಿ ಎಂದು ಮುಂದೆ ಬಂದರು. ಕೊಡುವವನೂ ಒಪ್ಪಿದ್ದಾನೆ, ಪಡೆಯುವವನೂ ಒಪ್ಪಿದ್ದಾನೆ, ನಡುವೆ ಕಾಯಿದೆ ಮಾತ್ರ ಬೇಡವೆನ್ನುತ್ತದೆ ಎಂಬುದು ಗಿರಣಿಯವರ ವಾದ. 1954ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಬಡತನದಿಂದಲೂ ಅಸಹಾಯಕತೆಯಿಂದಲೂ ಕೆಲಸಗಾರರು ಕಡಿಮೆಗೆ ಒಪ್ಪಬಹುದೆಂಬ ಕಾರಣದಿಂದಲೇ ಅವರ ಕರಾರಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕುವುದು ಅವಶ್ಯಕವೆಂದು ಅದು ಅಭಿಪ್ರಾಯಪಟ್ಟಿತು.

ಈ ತೀರ್ಪನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ 35 ರೂಪಾಯಿಗಳ ಕಡೆಗೆ ಹೋಗುತ್ತದೆ. ಮುಚ್ಚಿದ ಗಿರಣಿಯ ಬಾಗಿಲಲ್ಲಿ ನಿಂತವನಿಗೆ ಸಿದ್ಧಾಂತದಿಂದ ಹೊಟ್ಟೆ ತುಂಬುವುದಿಲ್ಲ. ಆದರೂ ತೀರ್ಪು ಸರಿಯೆಂದೇ ನನ್ನ ನಂಬಿಕೆ. ಇಂದು ಈ ಗಿರಣಿಯಲ್ಲಿ 35ಕ್ಕೆ ಒಪ್ಪಿದರೆ, ನಾಳೆ ಪಕ್ಕದ ಗಿರಣಿಯವನು 56 ಕೊಡುವುದೇತಕ್ಕೆ? ನಾಳಿದ್ದು ಇನ್ನೂ ಹಸಿದವನೊಬ್ಬನು 30ಕ್ಕೆ ಬರುತ್ತಾನೆ. ಹಸಿವಿನ ಹರಾಜಿನಲ್ಲಿ ಕೊನೆಯ ಕೂಗು ಎಂಬುದಿಲ್ಲ. ಆದರೆ ಬೇಡವೆಂದು ಹೇಳಿದ ಸರ್ಕಾರಕ್ಕೆ ಮತ್ತೊಂದು ಹೊಣೆಯೂ ಬೀಳುತ್ತದೆ: ಒಪ್ಪಲು ಬಿಡದೆ ಇದ್ದವನಿಗೆ ಬದುಕುವ ದಾರಿಯನ್ನೂ ತೋರಿಸಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ಆಕ್ಷೇಪಣೆಯ ಅರ್ಧ ಬಲ ಹಾಗೆಯೇ ಉಳಿಯುತ್ತದೆ.

1982ರಲ್ಲಿ ಈ ವಿಚಾರ ಇನ್ನೊಂದು ಮೆಟ್ಟಿಲು ಏರಿತು. ದೆಹಲಿಯ ಏಷ್ಯನ್ ಕ್ರೀಡೆಗಳಿಗಾಗಿ ಕಟ್ಟಡಗಳು ಏಳುತ್ತಿದ್ದವು. ಕೂಲಿಯವರಿಗೆ ಸಲ್ಲಬೇಕಾದ ದಿನಗೂಲಿ 9 ರೂಪಾಯಿ 25 ಪೈಸೆ. ನಡುವಿನ ಜಮಾದಾರರು ತಲೆಗೆ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಯಾರೂ ಕೂಲಿಯವರನ್ನು ಕಟ್ಟಿಹಾಕಿರಲಿಲ್ಲ, ಹೊಡೆದಿರಲಿಲ್ಲ. ಆದರೂ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿಯವರು ತೀರ್ಪಿತ್ತರು. ಬೇರೆ ದಾರಿಯಿಲ್ಲದವನ ಒಪ್ಪಿಗೆ ಒಪ್ಪಿಗೆಯಲ್ಲ. ಹಸಿವೂ ಒಂದು ಚಾವಟಿ ಎಂಬುದು ಅದರ ತಾತ್ಪರ್ಯ. 1986ರಲ್ಲಿ ಕಲ್ಕತ್ತೆಯ ಒಳನಾಡು ಜಲಸಾರಿಗೆ ನಿಗಮದ ಮೊಕದ್ದಮೆಯಲ್ಲಿ, ಕಾರಣ ಹೇಳದೆ ಮೂರು ತಿಂಗಳ ನೋಟೀಸಿನಿಂದ ಕಾಯಂ ನೌಕರನನ್ನು ತೆಗೆದುಹಾಕಬಹುದೆಂಬ ನಿಯಮವನ್ನು ನ್ಯಾಯಾಲಯವು ಇದೇ ದೃಷ್ಟಿಯಿಂದ ತಳ್ಳಿಹಾಕಿತು. ಅಲ್ಲಿ ಕೂಲಿಯವರಿರಲಿಲ್ಲ, ವಿದ್ಯಾವಂತರಾದ ಅಧಿಕಾರಿಗಳಿದ್ದರು. ಚುಕ್ಕೆಗಳಿಟ್ಟ ಗೆರೆಯ ಮೇಲೆ ಸಹಿ ಹಾಕುವುದು ಅಥವಾ ಕೆಲಸವನ್ನು ಬಿಟ್ಟುಹೋಗುವುದು, ಇವೆರಡನ್ನುಳಿದು ಮೂರನೆಯ ದಾರಿಯಿಲ್ಲದಾಗ ಓದು ಬಂದರೂ ಬಾರದಿದ್ದರೂ ಮನುಷ್ಯ ದುರ್ಬಲನೇ.

ಇಷ್ಟೆಲ್ಲ ರಕ್ಷಣೆಯಿದ್ದೂ ನನ್ನ ಶಿಷ್ಯರು ಹೆದರುವುದೇಕೆ? ನಿಜವಾದ ತೊಡಕು ಇಲ್ಲಿಯೇ ಇದೆ. ಅಸಿಂಧುವಾದ ಕರಾರು ನ್ಯಾಯಾಲಯದಲ್ಲಿ ಸಾಯುತ್ತದೆ. ಆದರೆ ನ್ಯಾಯಾಲಯದ ಹೊರಗೆ, ರುಜು ಹಾಕಿದವನ ಮನಸ್ಸಿನಲ್ಲಿ, ಅದು ಸುಖವಾಗಿ ಬದುಕಿರುತ್ತದೆ. ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಕೂಡದೆಂಬ ಷರತ್ತನ್ನೇ ನೋಡಿ. 1872ರ ಕಾಯಿದೆಯ 27ನೆಯ ಕಲಮಿನ ಮುಂದೆ ಅದು ನಿಲ್ಲದೆಂದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಿದ್ದೂ ವರ್ಷ ವರ್ಷವೂ ಅದು ನೇಮಕಪತ್ರಗಳಲ್ಲಿ ಅಚ್ಚಾಗುತ್ತಿದೆ. ಏಕೆಂದರೆ ಬರೆದವನಿಗೆ ಅದರಿಂದ ಕಾಸಿನ ನಷ್ಟವೂ ಇಲ್ಲ. ಓದಿ ಹೆದರಿದವರು ನಿಂತಲ್ಲೇ ನಿಲ್ಲುತ್ತಾರೆ. ಹೆದರದ ನೂರರಲ್ಲೊಬ್ಬನು ನ್ಯಾಯಾಲಯಕ್ಕೆ ಹೋಗಿ ಗೆದ್ದರೆ ಆ ಒಬ್ಬನ ಮಟ್ಟಿಗೆ ಷರತ್ತು ಬೀಳುತ್ತದೆ, ತೊಂಬತ್ತೊಂಬತ್ತು ಜನರ ಮಟ್ಟಿಗೆ ನಿಲ್ಲುತ್ತದೆ. ಇಸ್ಕೊಂಡವನು ಈರಭದ್ರ, ಕೊಟ್ಟವನು ಕೋಡಂಗಿ ಎಂಬ ಗಾದೆ ಸಾಲಕ್ಕಷ್ಟೇ ಅಲ್ಲ, ರುಜುವಿಗೂ ಒಪ್ಪುತ್ತದೆ.

ಷರತ್ತುಗಳೆಲ್ಲವೂ ಅಸಿಂಧುವೆಂದು ತಿಳಿದರೆ ಅದೂ ಅಪಾಯ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ ವಿಜಯಾ ಬ್ಯಾಂಕು, ಮೂರು ವರ್ಷ ತುಂಬುವ ಮೊದಲು ಬಿಟ್ಟುಹೋದ ಅಧಿಕಾರಿಯಿಂದ ಎರಡು ಲಕ್ಷ ರೂಪಾಯಿ ವಸೂಲು ಮಾಡಿತ್ತು. ಕರ್ನಾಟಕದ ಉಚ್ಚ ನ್ಯಾಯಾಲಯವು ನೌಕರನ ಪಕ್ಷವನ್ನು ಹಿಡಿಯಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿನ ಷರತ್ತನ್ನೇ ಎತ್ತಿಹಿಡಿಯಿತು. ಕೆಲಸದ ಅವಧಿಗೆ ಸಂಬಂಧಿಸಿದ ಷರತ್ತು ಬೇರೆ, ಬಿಟ್ಟ ಮೇಲಿನ ದುಡಿಮೆಗೆ ಬೇಲಿ ಹಾಕುವುದು ಬೇರೆ ಎಂಬ ವಿವೇಚನೆ ಅಲ್ಲಿದೆ. ಅದೇ ವರ್ಷದ ಏಪ್ರಿಲಿನಲ್ಲಿ ಬಂದ ಇನ್ನೊಂದು ತೀರ್ಪು ಖಾಸಗಿ ಬ್ಯಾಂಕೊಂದರ ನೌಕರರದು. ಒಬ್ಬರು ಪಾಟ್ನಾದಲ್ಲಿ, ಮತ್ತೊಬ್ಬರು ದೆಹಲಿಯಲ್ಲಿ ದುಡಿದವರು; ನೇಮಕಪತ್ರದಲ್ಲಿ ಬರೆದಿದ್ದಂತೆ ಅವರು ಮುಂಬಯಿಯ ನ್ಯಾಯಾಲಯಕ್ಕೇ ಹೋಗಬೇಕೆಂದು ನಿರ್ಣಯವಾಯಿತು. ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕರಾರು ಕಸಿಯಲಾಗದು, ಆದರೆ ಹಲವು ನ್ಯಾಯಾಲಯಗಳಲ್ಲಿ ಒಂದನ್ನು ಗೊತ್ತುಮಾಡಬಹುದೆಂಬುದು ತತ್ತ್ವ. ತತ್ತ್ವವನ್ನು ನಾನು ಅಲ್ಲಗಳೆಯಲಾರೆ. ಆದರೆ ಕೆಲಸ ಕಳೆದುಕೊಂಡವನ ಜೇಬಿಗೆ ಮುಂಬಯಿ ಎಷ್ಟು ದೂರವೆಂಬುದನ್ನು ತತ್ತ್ವವು ಅಳೆಯುವುದಿಲ್ಲ.

ಆದುದರಿಂದ, ರುಜು ಬಿದ್ದ ಮೇಲೆ ಕರಾರನ್ನು ಅಳಿಸುವ ಕಾಯಿದೆ ಮಾತ್ರ ಸಾಲದು. ರುಜು ಬೀಳುವ ಮೊದಲೇ ಕಾಗದವನ್ನು ನೋಡುವ ಕಣ್ಣೊಂದು ಬೇಕು. ಇದು ನನ್ನ ಕಲ್ಪನೆಯೇನೂ ಅಲ್ಲ. 1946ರ ಸ್ಥಾಯೀ ಆದೇಶಗಳ ಕಾಯಿದೆಯಲ್ಲಿ ಇಂಥ ಕಣ್ಣಿತ್ತು. ನೂರು ಮತ್ತು ಅದಕ್ಕೂ ಹೆಚ್ಚು ಕೆಲಸಗಾರರಿದ್ದ ಕಾರ್ಖಾನೆಯ ಮಾಲೀಕನು ತನ್ನ ಕೆಲಸದ ನಿಯಮಗಳ ಕರಡನ್ನು ಸರ್ಕಾರದ ಅಧಿಕಾರಿಗೆ ಒಪ್ಪಿಸಬೇಕಾಗಿತ್ತು. ಅಧಿಕಾರಿಯು ಕಾರ್ಮಿಕರ ಆಕ್ಷೇಪಣೆಗಳನ್ನು ಕೇಳಿ ಪ್ರಮಾಣೀಕರಿಸುತ್ತಿದ್ದನು. 1956ರ ತಿದ್ದುಪಡಿಯಿಂದ ಆ ನಿಯಮಗಳು ನ್ಯಾಯವಾದವೇ ಎಂದು ಪರಿಶೀಲಿಸುವ ಅಧಿಕಾರವೂ ಅವನಿಗೆ ಬಂದಿತು. ಆದರೆ ಕರ್ನಾಟಕದಲ್ಲಿ ಮಾಹಿತಿ ತಂತ್ರಜ್ಞಾನದ ಸಂಸ್ಥೆಗಳಿಗೆ ಸರ್ಕಾರವು ಅವಧಿ ಅವಧಿಗೆ ಈ ಕಾಯಿದೆಯಿಂದ ವಿನಾಯಿತಿ ಕೊಡುತ್ತ ಬಂದಿತು. ಈಗ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನೂರರ ಮಿತಿ ಮುನ್ನೂರಕ್ಕೆ ಏರಿದೆ. ಹೊಸ ಸಂಹಿತೆಗಳು ನೌಕರರಿಗೆ ನೇಮಕಪತ್ರ ಕೊಡಬೇಕೆಂದು ವಿಧಿಸಿರುವುದು ಸಂತೋಷದ ಸಂಗತಿ. ಆದರೆ ಕಾಗದವು ಹೆಚ್ಚು ಕೈಗಳಿಗೆ ತಲಪುವ ಕಾಲದಲ್ಲಿ ಅದನ್ನು ಮೊದಲೇ ನೋಡುವ ಕಣ್ಣುಗಳು ಕಡಿಮೆಯಾದರೆ ಸಂತೋಷ ಅರ್ಧಕ್ಕೇ ನಿಲ್ಲುತ್ತದೆ.

ಮಾಡಬಹುದಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಅಸಿಂಧುವೆಂದು ಈಗಾಗಲೇ ತೀರ್ಮಾನವಾಗಿರುವ ಷರತ್ತನ್ನು ಗೊತ್ತಿದ್ದೂ ಅಚ್ಚುಹಾಕಿ ಸಹಿ ಪಡೆಯುವವನಿಗೆ ದಂಡ ವಿಧಿಸಬಹುದು. ಆಗ ಅದನ್ನು ಬರೆಯುವುದಕ್ಕೂ ಒಂದು ಬೆಲೆ ಹುಟ್ಟುತ್ತದೆ. ಈ ಪತ್ರದಲ್ಲಿ ಏನೇ ಬರೆದಿದ್ದರೂ ಕಾಯಿದೆ ಕೊಟ್ಟ ಹಕ್ಕುಗಳಿಗೆ ಕುಂದಿಲ್ಲವೆಂಬ ಒಂದು ವಾಕ್ಯವನ್ನು ಪ್ರತಿಯೊಂದು ನೇಮಕಪತ್ರದ ಮೊದಲ ಪುಟದಲ್ಲಿ, ನೌಕರನಿಗೆ ತಿಳಿಯುವ ಭಾಷೆಯಲ್ಲಿ, ಮುದ್ರಿಸಬೇಕೆಂದು ವಿಧಿಸಬಹುದು. ನಮ್ಮ ಕಾಲೇಜುಗಳು ಅರ್ಜಿ ಬರೆಯುವುದನ್ನು ಕಲಿಸುತ್ತವೆ, ಸಂದರ್ಶನದಲ್ಲಿ ಕೂಡುವ ರೀತಿಯನ್ನು ಕಲಿಸುತ್ತವೆ. ಕೆಲಸ ಸಿಕ್ಕ ದಿನ ಕೈಗೆ ಬರುವ ಕಾಗದವನ್ನು ಓದುವುದನ್ನೂ ಒಂದು ಗಂಟೆಯ ಪಾಠವಾಗಿ ಕಲಿಸಬಹುದು.

ಮಾತಿಗೆ ತಪ್ಪಬಾರದೆಂಬ ನಮ್ಮ ಹಿರಿಯರ ನೀತಿಗೆ ಇದರಿಂದ ಹಾನಿಯಿಲ್ಲ. ಒಪ್ಪಿಕೊಂಡ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತೇನೆಂಬುದು ಮಾತು; ಅದನ್ನು ಉಳಿಸಿಕೊಳ್ಳಲೇಬೇಕು. ಗಣಿಯಲ್ಲಿ ಸತ್ತರೆ ನನ್ನ ಹೆಂಡತಿ ಏನನ್ನೂ ಕೇಳಳು ಎಂಬುದು ಮಾತಲ್ಲ; ಅದು ಕೇಳಬೇಕಾದವಳ ಬಾಯಿಯನ್ನು ಅವಳಿಗೆ ತಿಳಿಯದಂತೆ ಮುಚ್ಚುವ ಉಪಾಯ. ಇವೆರಡರ ನಡುವಣ ಗೆರೆಯನ್ನು ಕಾಯಿದೆ ಎಳೆದು ನೂರು ವರ್ಷಗಳಾದವು. ಆ ಗೆರೆ ಎಲ್ಲಿದೆಯೆಂಬುದು ಅದನ್ನು ನೆಚ್ಚಿ ಬದುಕುವವರಿಗೂ ಕಾಣುವಂತಾಗಬೇಕು.